ಹೊಗೆಯಲ್ಲೂ ಕೈಗೆ ಸಿಗಬೇಕಾದ ಬಟನ್ನು

ಈಚೆಗೊಂದು ದಿನ ನಮ್ಮ ಕಡೂರಿನ ಮೆಡಿಕಲ್ ಸ್ಟೋರಿಗೆ ತಲೆನೋವಿನ ಮಾತ್ರೆ ತರಲು ಹೋಗಿದ್ದೆ. ಅಂಗಡಿಯಾತ ಮಾತ್ರೆ ಕೊಟ್ಟು, ಚಿಲ್ಲರೆಯನ್ನೂ ಕೊಟ್ಟು, ಬಹಳ ದಿನದಿಂದ ಕೇಳಬೇಕೆಂದುಕೊಂಡಿದ್ದವನ ಹಾಗೆ ಕೇಳಿಯೇಬಿಟ್ಟ. “ಯಾಕ್ ಮೇಡಂ, ಈಗ್ ದೊಡ್ಡ ಡಬ್ಬಿ ತಗೊಳ್ಳೋದೇ ಬಿಟ್ಬಿಟ್ರಲ್ಲ?”

ದೊಡ್ಡ ಡಬ್ಬಿ ಅಂದರೆ ಪೆಟ್ರೋಲಿಯಂ ಜೆಲ್ಲಿಯದು. ಚಳಿಗಾಲದಲ್ಲಿ ಜನ ಒಡೆದ ಹಿಮ್ಮಡಿಗೆ, ತುಟಿಗೆ ಹಚ್ಚಿಕೊಳ್ಳುವ ಅದೇ ಅಂಟು ಸರಕು. ಊರಿನವರೆಲ್ಲ ಅಂಗೈಯೊಳಗೆ ಮುಚ್ಚಿಹೋಗುವಂಥ ಡಬ್ಬಿ ಕೊಂಡರೆ, ನಾನು ಮೊಸರಿನ ಕುಡಿಕೆಯಷ್ಟು ದೊಡ್ಡದನ್ನು ವರ್ಷವಿಡೀ ಕೊಳ್ಳುತ್ತಿದ್ದೆ. ಈ ಹೆಂಗಸಿಗೆ ಅಷ್ಟೊಂದು ಹಿಮ್ಮಡಿ ಎಲ್ಲಿಂದ ಬಂತು ಎಂದು ಪಾಪ ಆತ ತಲೆ ಕೆಡಿಸಿಕೊಂಡಿರಬೇಕು. “ಈಗ ಬೇಕಾಗ್ತಿಲ್ಲಪ್ಪಾ” ಎಂದು ಬಂದುಬಿಟ್ಟೆ. ಬಂದವಳು ನನ್ನ ಅಂಗಡಿಯ ಶಟರನ್ನು ಅರ್ಧ ಎತ್ತಿ, ಲೈಟು ಹಾಕದೆ ಸುಮಾರು ಹೊತ್ತು ಕುಳಿತೆ. ಮಾತ್ರೆ ನುಂಗುವುದು ಮರೆತೇಹೋಯಿತು.

ಆ ಜೆಲ್ಲಿಯನ್ನು ನಾನು ಹಚ್ಚುತ್ತಿದ್ದದ್ದು ಕಂಪ್ಯೂಟರಿಗೆ. ನಗಬೇಡಿ, ಹೇಳುತ್ತೇನೆ. ನನ್ನ ಹೆಸರು ವಿಮಲ. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು, ಅದರ ಮೇಲಿನ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮದುವೆ ಯಾಕಾಗಲಿಲ್ಲ ಎನ್ನುವುದನ್ನು ನನ್ನ ಸೋದರತ್ತೆಯರು ಊರೂರಲ್ಲೂ ವಿವರಿಸಿ ಮುಗಿಸಿದ್ದಾರೆ, ನಾನು ಹೊಸದಾಗಿ ಸೇರಿಸುವಂಥದ್ದು ಏನೂ ಉಳಿದಿಲ್ಲ. ಅಂಗಡಿಗೆ ಬರುವ ಕೆಲಸವೂ ಅಂಥ ಘನವಾದದ್ದೇನಲ್ಲ. ಪಹಣಿಯ ಪ್ರಿಂಟು ಮಸುಕಾಗಿ ಬರುತ್ತಿದೆ, ಮಂಡಿಯ ಬಿಲ್ಲಿನ ಕಂಪ್ಯೂಟರಿನೊಳಗೆ ಇರುವೆ ಹೊಕ್ಕಿದೆ, ಕ್ಯಾಮೆರಾದಲ್ಲಿ ಕಳ್ಳ ಕಾಣುವುದಿಲ್ಲ ಬೆಕ್ಕು ಮಾತ್ರ ಕಾಣುತ್ತದೆ, ಇಂಥವು. ಆದರೆ ಬೆಂಗಳೂರಿನ ಒಬ್ಬ ವಿತರಕರು ಆಗಾಗ ನನಗೆ ಪ್ರೊಸೆಸರು, ಮೆಮೊರಿ ಎಲ್ಲ ಕೂರುವ ಒಂದು ದುಬಾರಿ ಗೇಮಿಂಗ್ ಮದರ್‌ಬೋರ್ಡನ್ನು ಕೊರಿಯರ್ ಮಾಡುತ್ತಾರೆ. ಓವರ್‌ಕ್ಲಾಕಿಂಗ್ ಮಾಡುವವರ ಕಣ್ಣಿನಿಂದ ಅದನ್ನು ನೋಡಿ, ಏನು ಎಲ್ಲಿದೆ, ಎಲ್ಲಿರಬೇಕಿತ್ತು, ಯಾವುದು ಕೆಲಸದ್ದು, ಯಾವುದು ಬರೀ ಒಡವೆ ಎಂದು ಬರೆದು, ಬೋರ್ಡನ್ನು ಒರೆಸಿ ವಾಪಸು ಕಳಿಸಬೇಕು. ಇಂಟರ್ನೆಟ್ಟಿನ ಯಾವುದೋ ಮೂಲೆಯಲ್ಲಿ ನಾನು ಇಂಥ ಬೋರ್ಡುಗಳ ಮೇಲೆ ಕಂಡವರ ಜತೆ ಜಗಳವಾಡುತ್ತಿದ್ದುದನ್ನು ನೋಡಿ ಅವರು ನನ್ನನ್ನು ಹಿಡಿದದ್ದು. ಕಡೂರಿನಲ್ಲಿ ಇದನ್ನು ಕೊಳ್ಳುವವರು ಯಾರೂ ಇಲ್ಲ. ಇದರ ಬಗ್ಗೆ ಜಗಳವಾಡುವವರೂ ಇಲ್ಲ.

ಓವರ್‌ಕ್ಲಾಕಿಂಗ್ ಅಂದರೇನು ಎಂದು ಕೇಳಿದವರಿಗೆ ನಾನು ನಮ್ಮಪ್ಪನ ಗಿರಣಿಯ ಕಥೆ ಹೇಳುತ್ತೇನೆ. ಅಪ್ಪ ಸಖರಾಯಪಟ್ಟಣದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ಹಬ್ಬ ಹತ್ತಿರವಾದರೆ ಡಬ್ಬಗಳ ಸಾಲು ರಸ್ತೆಯವರೆಗೆ ಬರುತ್ತಿತ್ತು. ಆಗ ಅಪ್ಪ ಮೋಟರಿನ ರಾಟೆ ಬಿಚ್ಚಿ, ಇನ್ನೂ ದೊಡ್ಡದೊಂದು ರಾಟೆ ಹಾಕುತ್ತಿದ್ದರು. ಕಲ್ಲು ಹುಚ್ಚು ಹಿಡಿದಂತೆ ತಿರುಗುತ್ತಿತ್ತು. ಬೆಲ್ಟಿನ ರಬ್ಬರು ವಾಸನೆ, ಕಿವಿಯೊಳಗೆ ಕಿರ್ರೋ ಅನ್ನುವ ಸದ್ದು, ಎಲ್ಲರ ಹುಬ್ಬಿನ ಮೇಲೂ ಹಿಟ್ಟು. ಮೋಟರು ಕಾಯದಿರಲಿ ಎಂದು ಅದರ ಮೈಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು. ಅದು ಒಣಗಿದ ಹಾಗೆಲ್ಲ ನೆನೆಸಿ ತರುವುದು ನನ್ನ ಕೆಲಸ. ಕರೆಂಟಿನ ಮೋಟರಿನ ಮೇಲೆ ಒದ್ದೆ ಗೋಣಿ! ನಾನು ಬದುಕಿರುವುದೇ ಹೆಚ್ಚು. ಹಿಟ್ಟು ಬೇಗ ಬೀಳುತ್ತಿತ್ತು ನಿಜ, ಆದರೆ ಬಿಸಿ ಬಿಸಿಯಾಗಿ ಬೀಳುತ್ತಿತ್ತು. ಹೆಂಗಸರು ಕೈಯಿಟ್ಟು ನೋಡಿ ಸುಮ್ಮನಿರುತ್ತಾರೆಯೇ?

“ಏನ್ ಮಾವಾ, ಹಿಟ್ ಕೊಡ್ತಿದೀಯೋ ಕೆಂಡ ಕೊಡ್ತಿದೀಯೋ? ಇದ್ರಲ್ಲಿ ಮುದ್ದೆ ಕಟ್ಟಾದೆಂಗೆ?”

“ತಣ್ಣಗಾದ್ಮೇಲೆ ಕಟ್ಟವ್ವಾ. ಈಗ್ಲೇ ಯಾರ್ ಕಟ್ಟು ಅಂದ್ರು?” ಎನ್ನುತ್ತಿದ್ದರು ಅಪ್ಪ, ಗೋಣಿ ಎಲ್ಲೇ ಎಂದು ನನ್ನ ಕಡೆ ಕಣ್ಣು ಬಿಡುತ್ತ.

ಓವರ್‌ಕ್ಲಾಕಿಂಗ್ ಇಷ್ಟೇ. ಪ್ರೊಸೆಸರಿಗೆ ಇಷ್ಟು ವೇಗದಲ್ಲಿ ಓಡು ಎಂದು ಕಂಪನಿಯವರು ಹೇಳಿ ಕಳಿಸಿರುತ್ತಾರೆ. ಅದಕ್ಕಿಂತ ಜೋರಾಗಿ ಓಡಿಸುವುದು. ಓಡಿದಷ್ಟೂ ಕಾಯುತ್ತದೆ, ಕಾದದ್ದನ್ನು ತಣಿಸಬೇಕು. ಹುಚ್ಚು ಹೆಚ್ಚಾದವರು ಪ್ರೊಸೆಸರಿನ ತಲೆಯ ಮೇಲೆ ತಾಮ್ರದ ಪಾತ್ರೆ ಕೂರಿಸಿ, ಅದಕ್ಕೆ ದ್ರವರೂಪದ ನೈಟ್ರೋಜನ್ ಸುರಿಯುತ್ತಾರೆ. ಅದರ ಮುಂದೆ ಮಂಜುಗಡ್ಡೆಯೂ ಬೆಚ್ಚಗಿನದೇ. ಆ ಥಂಡಿಗೆ ಸುತ್ತಲಿನ ಗಾಳಿಯ ತೇವವೆಲ್ಲ ಬೋರ್ಡಿನ ಮೇಲೆ ನೀರಾಗಿ ಕೂರುತ್ತದೆ, ನೀರು ಕೂತರೆ ಬೋರ್ಡು ಸತ್ತಿತು. ಆ ನೀರು ತಾಗದಿರಲಿ ಎಂದು ಜೆಲ್ಲಿ. ಇಷ್ಟೆಲ್ಲ ಮಾಡಿ ಸಿಗುವುದೇನು ಎಂದರೆ, ಪರದೆಯ ಮೇಲೆ ಒಂದು ಅಂಕಿ. ಹಿಂದಿನ ಸಲದ್ದಕ್ಕಿಂತ ದೊಡ್ಡದಾದರೆ ಸಂತೋಷವಾಗುತ್ತದೆ. ಆದರೆ “ನೋಡು, ಬಂತು!” ಎನ್ನಲು ಪಕ್ಕದಲ್ಲಿ ಒಂದು ಜೀವ ಇಲ್ಲದಿದ್ದರೆ ಆ ಅಂಕಿಯಂಥ ಬೆಪ್ಪು ವಸ್ತು ಇನ್ನೊಂದಿಲ್ಲ.

ಆ ಜೀವ ನನಗೆ ಸಿಕ್ಕಿದ್ದು ಇದೇ ಮೆಡಿಕಲ್ ಸ್ಟೋರಿನಲ್ಲಿ. ಅಂದು ದೊಡ್ಡ ಡಬ್ಬಿ ಒಂದೇ ಒಂದು ಉಳಿದಿತ್ತು, ಕೇಳಿದವರು ಇಬ್ಬರು. ಪಕ್ಕದಲ್ಲಿ ನಿಂತಿದ್ದವರು ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ಸೀರೆಯ ಮೇಲೆ ಗಂಡಸರ ಶರ್ಟು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು.

“ನಿಂಗ್ಯಾಕವ್ವಾ ಅಷ್ಟ್ ದೊಡ್ದು?”

“ಕಂಪ್ಯೂಟರ್‌ಗೆ. ನಿಮಗ್ಯಾಕೆ?”

“ನಂಗೆ ಹಸಾಗೆ.”

ಅಂಗಡಿಯಾತ ಎರಡನ್ನೂ ತಮಾಷೆ ಎಂದುಕೊಂಡ, ಆತನ ಮುಖವನ್ನು ನೀವು ನೋಡಬೇಕಿತ್ತು. ಅವರೇ ಗಿರಿಜಕ್ಕ. ಅಜ್ಜಂಪುರದವರು. ಬೆದೆಗೆ ಬಂದ ಹಸುಗಳಿಗೆ ಇಂಜೆಕ್ಷನ್ ಹಾಕುವ, ಅಂದರೆ ಒಳ್ಳೆಯ ಹೋರಿಯ ವೀರ್ಯವನ್ನು ಹಸುವಿನೊಳಗೆ ಸೇರಿಸಿ ಕರು ನಿಲ್ಲಿಸುವ ಕೆಲಸ ಅವರದು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ತರಬೇತಿ ಪಡೆದು, ಸ್ಕೂಟರ್ ಕಲಿತು, ಅಜ್ಜಂಪುರ, ತರೀಕೆರೆ, ಕಡೂರು ಎಂದು ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಹಸುವಿಗೆ ಎಂದದ್ದು ಹಸುವಿನ ಕೆಲಸದಿಂದಾಗಿ ಎಂದು. ಔಷಧಿ ನೀರಿನಲ್ಲಿ ತೊಳೆದು ತೊಳೆದು ಕೈ ಒಡೆಯುತ್ತದೆ, ಅದಕ್ಕೆ ಜೆಲ್ಲಿ. “ಅರ್ಧ ಅರ್ಧ ತಗಳಣ ಬಾ” ಎಂದು ಅವರೇ ತೀರ್ಪು ಕೊಟ್ಟರು. ಚಮಚದಲ್ಲಿ ಪಾಲು ಮಾಡಲು ನನ್ನ ಅಂಗಡಿಗೆ ಬಂದರು.

ಬಂದವರು ಮೇಜಿನ ಮೇಲಿದ್ದ ಬೋರ್ಡನ್ನೂ ತಾಮ್ರದ ಪಾತ್ರೆಯನ್ನೂ ನೋಡಿ ಇದೇನು ಎಂದರು. ನಾನು ಐಸ್‌ಕ್ಯಾಂಡಿಯವರ ಹತ್ತಿರ ಮಂಜುಗಡ್ಡೆ ತಂದು, ಉಪ್ಪು ಹಾಕಿ, ಏನೋ ಒಂದಷ್ಟು ತಣಿಸಿಕೊಳ್ಳುತ್ತಿದ್ದ ಕಾಲ ಅದು. ಹೊರದೇಶದವರು ಇದಕ್ಕೆ ದ್ರವ ನೈಟ್ರೋಜನ್ ಸುರಿಯುತ್ತಾರೆ ಅಕ್ಕಾ, ಕಡೂರಿನಲ್ಲಿ ಅದು ನನಗೆಲ್ಲಿ ಸಿಗಬೇಕು ಎಂದು ನಿಟ್ಟುಸಿರು ಬಿಟ್ಟೆ.

ಗಿರಿಜಕ್ಕ ಜೆಲ್ಲಿಯ ಚಮಚ ಕೆಳಗಿಟ್ಟರು. “ಗಾಡಿ ಮೇಲೈತೆ, ಬಾ” ಎಂದರು.

ನಿಜಕ್ಕೂ ಇತ್ತು. ವೀರ್ಯ ತುಂಬಿದ ಕಡ್ಡಿಗಳನ್ನು ಕೆಡದಂತೆ ಇಡುವುದೇ ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ. ನಾನು ವರ್ಷಗಟ್ಟಲೆ ಕನಸು ಕಂಡಿದ್ದ ಪದಾರ್ಥ ನನ್ನ ಅಂಗಡಿಯ ಮುಂದೆ ಸ್ಕೂಟರಿನ ಕಾಲಿಡುವ ಜಾಗದಲ್ಲಿ, ಹಳೆಯ ಟವೆಲ್ಲು ಸುತ್ತಿಕೊಂಡು ಕೂತಿತ್ತು. ಅವರ ಹತ್ತಿರ ಇನ್ನೊಂದು ಹಳೆಯ ಕ್ಯಾನೂ ಇತ್ತಂತೆ. ಅದರಲ್ಲಿ ತುಂಬಿದ್ದು ಬೇಗ ಆರಿಹೋಗುತ್ತಿತ್ತು. “ಗಾಳೀಗ್ ಹೋಗಾದು ನಿನ್ ತಪ್ಲೆಗೆ ಹೋಗ್ಲಿ ಬಿಡು” ಎಂದು ಮುಂದಿನ ಭಾನುವಾರದಿಂದ ಅದನ್ನು ತರತೊಡಗಿದರು.

ನಮ್ಮ ಭಾನುವಾರಗಳು ಹೀಗೆ ಶುರುವಾದವು. ಮುಚ್ಚಿದ ಕೋಣೆಯಲ್ಲಿ ನೈಟ್ರೋಜನ್ ಸುರಿಯಬಾರದು, ಉಸಿರು ಕಟ್ಟುತ್ತದೆ, ಆದ್ದರಿಂದ ಶಟರು ಪೂರ್ತಿ ಮೇಲೆ. ಸುರಿದ ಕೂಡಲೇ ಬಿಳಿ ಹೊಗೆ ಮೇಜಿನಿಂದ ಇಳಿದು, ನೆಲದ ಮೇಲೆ ಹರಿದು, ಮೆಟ್ಟಿಲಿಳಿದು ರಸ್ತೆಗೆ ಹೋಗುತ್ತಿತ್ತು. ಮೊದಲ ದಿನ ಎದುರಿನ ಟೀ ಅಂಗಡಿಯಾತ ಬಕೆಟ್ಟು ನೀರು ಹಿಡಿದು ಓಡಿಬಂದ. ಅದನ್ನು ಬೋರ್ಡಿನ ಮೇಲೆ ಎರಚದಂತೆ ಗಿರಿಜಕ್ಕ ಆತನ ರಟ್ಟೆ ಹಿಡಿದುಕೊಂಡರು. ಆಮೇಲೆ ಊರಿಗೆ ರೂಢಿಯಾಯಿತು. ಹೊಗೆ ಕಂಡರೆ “ಅಕ್ಕದೀರು ಶುರುಮಾಡಿದ್ರು” ಎಂದು ಸೈಕಲ್ಲಿನವರು ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

ಆ ಹೊಗೆಯಲ್ಲಿ ಒಂದು ತೊಂದರೆ ಇದೆ. ಬೋರ್ಡೇ ಕಾಣುವುದಿಲ್ಲ. ಒಳ್ಳೆಯ ಓವರ್‌ಕ್ಲಾಕಿಂಗ್ ಬೋರ್ಡಿನ ಮೈಮೇಲೆಯೇ ಶುರುಮಾಡುವ ಬಟನ್ನು, ರೀಸೆಟ್ ಬಟನ್ನು, ತಕ್ಷಣ ನಿಧಾನ ಮಾಡುವ ಸ್ವಿಚ್ಚು, ತೀರಾ ಥಂಡಿಯಲ್ಲಿ ಓಡಿಸುವಾಗ ಹಾಕಬೇಕಾದ ಸ್ವಿಚ್ಚು ಎಲ್ಲ ಇರುತ್ತವೆ. ಹೊಗೆಯಲ್ಲಿ ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತಿ ನಾನು ಹಾಳು ಮಾಡಿದ ಓಟಗಳಿಗೆ ಲೆಕ್ಕವಿಲ್ಲ. ಗಿರಿಜಕ್ಕನ ಉದ್ಯೋಗದಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಭುಜದವರೆಗೆ ಕೈಗವಸು ಏರಿಸಿ, ಹಸುವಿನೊಳಗೆ ಕೈಯಿಟ್ಟು, ಮುಖವನ್ನು ಬೇರೆ ಕಡೆ ತಿರುಗಿಸಿ, ಮನೆಯಾಕೆಯ ಜತೆ ಮಳೆ ಬೆಳೆ ಮಾತಾಡುತ್ತಲೇ ಬೆರಳಲ್ಲಿ ದಾರಿ ಹುಡುಕುವ ಕೆಲಸ. ನಾನು ತಡಕಾಡುವುದನ್ನು ನೋಡಿ ಒಂದು ದಿನ ಅವರು ಅಂದರು.

“ಹೊಗೇಲೂ ಕೈಗ್ ಸಿಗ್ಬೇಕು ಕಣೇ. ಕಣ್ಣಿಗ್ ಚೆಂದ ಕಂಡ್ರೆ ಏನ್ ಬಂತು?”

ಅಂದಿನಿಂದ ನನ್ನ ಪರೀಕ್ಷೆಯ ವಿಧಾನವೇ ಬದಲಾಯಿತು. ಹೊಸ ಬೋರ್ಡು ಬಂದರೆ ಪೆಟ್ಟಿಗೆ ಬಿಚ್ಚಿ, ಕಣ್ಣು ಮುಚ್ಚಿ, ಮೊದಲು ಕೈಯಾಡಿಸುತ್ತೇನೆ. ಗಿರಾಕಿಗಳು ನಾನು ಪ್ರಾರ್ಥನೆ ಮಾಡುತ್ತಿದ್ದೇನೆ ಎಂದುಕೊಂಡು ಚಪ್ಪಲಿ ಬಿಟ್ಟು ನಿಂತದ್ದೂ ಉಂಟು. ನನ್ನ ವರದಿಗಳಲ್ಲಿ ‘ಹೊಗೆಯಲ್ಲಿ ಕೈಗೆ ಸಿಗುತ್ತದೆಯೇ’ ಎನ್ನುವುದೇ ಮೊದಲ ಪ್ರಶ್ನೆಯಾಯಿತು. ವಿತರಕರಿಗೆ ಇದು ಬಹಳ ಹಿಡಿಸಿತು. ನಾನು ಗಿರಿಜಕ್ಕನಿಗೆ ಹೇಳಿದೆ, ಅವರು “ಹೌದಾ” ಎಂದರು.

ಹೀಗೆ ವಿನ್ಯಾಸದ ಚಟ ಹತ್ತಿದರೆ ಅದು ಬೋರ್ಡಿಗೇ ನಿಲ್ಲುವುದಿಲ್ಲ. ನಮ್ಮ ಸೋದರತ್ತೆಯ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಒಲೆಗೆ ಬೆನ್ನು ಹಾಕಿ ಕೂತಿರುವುದನ್ನು ಕಂಡು, “ಅತ್ತೆ, ಇದು ಇಲ್ಲಿರಬಾರದು” ಎಂದು ಎತ್ತಿಟ್ಟೆ. ಅಂದಿನಿಂದ ಅವರು ನನ್ನನ್ನು ಊಟಕ್ಕೆ ಕರೆದಿಲ್ಲ. ಓವರ್‌ಕ್ಲಾಕಿಂಗ್ ಬೋರ್ಡಿನಲ್ಲಿ ಮೆಮೊರಿಗೆ ನಾಲ್ಕು ಸ್ಲಾಟು ಇರುವುದಕ್ಕಿಂತ ಎರಡೇ ಇರುವುದು, ಅವೂ ಪ್ರೊಸೆಸರಿಗೆ ಒತ್ತಿಕೊಂಡಿರುವುದು ಒಳ್ಳೆಯದು, ದಾರಿ ಹತ್ತಿರವಾದಷ್ಟೂ ಓಟ ಚುರುಕು. ಕಡೂರು ಬೀರೂರು ಎರಡೂ ಜಂಕ್ಷನ್ನುಗಳನ್ನು ಹೀಗೆ ಒಂದರ ಪಕ್ಕ ಒಂದು ಇಟ್ಟವನು ಓವರ್‌ಕ್ಲಾಕರನೇ ಇರಬೇಕು ಎಂದು ಗಿರಿಜಕ್ಕನಿಗೆ ಹೇಳಿ ನಗಿಸಲು ನೋಡಿದ್ದೆ. “ರೈಲು ಮಾತ್ರ ಲೇಟೇ ಬತ್ತದಲ್ಲೇ” ಎಂದರು.

ನಮ್ಮ ಮಹಾಪ್ರಮಾದವನ್ನೂ ಹೇಳಿಬಿಡುತ್ತೇನೆ. ಒಂದು ಭಾನುವಾರ ಅಕ್ಕ ಅವಸರದಲ್ಲಿ ಕೆಲಸದ ಕ್ಯಾನನ್ನೇ ತಂದುಬಿಟ್ಟಿದ್ದರು. ನನಗದು ಗೊತ್ತಿಲ್ಲ. ಎತ್ತಿ ತಾಮ್ರದ ಪಾತ್ರೆಗೆ ಬಗ್ಗಿಸಿದೆ. ನೈಟ್ರೋಜನ್ನಿನ ಜತೆ ತೆಳ್ಳಗಿನ ಕಡ್ಡಿಗಳೂ ಜಾರಿ ಬಿದ್ದವು. ಹೊಗೆಯಲ್ಲಿ ಕಾಣಲಿಲ್ಲ. ಬೋರ್ಡು ಮಾತ್ರ ಅವತ್ತು ಅದ್ಭುತವಾಗಿ ಓಡಿತು, ಅಷ್ಟು ದೊಡ್ಡ ಅಂಕಿ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಕುಣಿಯುತ್ತಿದ್ದೆ. ಹೊಗೆ ಕರಗಿದ ಮೇಲೆ ಗಿರಿಜಕ್ಕ ಪಾತ್ರೆಯೊಳಗೆ ಬಗ್ಗಿ ನೋಡಿ ಎದೆ ಬಡಿದುಕೊಂಡರು.

“ಅಯ್ಯಯ್ಯೋ, ಎಲ್ಡು ಕರ ಕಣೇ! ಎಲ್ಡು ಕರ ಹೋಯ್ತಲ್ಲೇ!”

ಅಷ್ಟು ಹೊತ್ತಿಗೆ ಪಾತ್ರೆ ಕಾದು ಕಡ್ಡಿಗಳು ಕೆಟ್ಟಿದ್ದವು. ಅವು ಒಬ್ಬ ರೈತನ ಹಸುವಿಗೆ ಅಂತಲೇ ತರಿಸಿದ್ದ ಒಳ್ಳೆಯ ತಳಿಯವು. ಸುಳ್ಳು ಹೇಳಿ ಬೇರೆ ಕಡ್ಡಿ ಹಾಕುವ ಜಾಯಮಾನ ಅವರದಲ್ಲ. ನನ್ನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆ ರೈತನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆತ ಬೀಡಿ ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದ. ಆಮೇಲೆ ಕೇಳಿದ.

“ಮತ್ತೆ ಕಂಪ್ಯೂಟ್ರು ಗಬ್ಬ ಕಟ್ಟೈತಾ?”

ಹಸು ಇನ್ನೊಂದು ಸಲ ಬೆದೆಗೆ ಬಂದಾಗ ಗಿರಿಜಕ್ಕ ಮತ್ತೆ ಹೋಗಿ ಕರು ನಿಲ್ಲಿಸಿಕೊಟ್ಟರು. ಆತ ಕಡೂರಿಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ನಿಂತು, ದಿನ ತುಂಬಿತಾ ಮೇಡಂ ಎಂದು ಕೇಳಿಕೊಂಡು ಹೋಗುತ್ತಿದ್ದ.

ನೈಟ್ರೋಜನ್ ಇಲ್ಲದ ಒಂದು ಭಾನುವಾರ ಅಕ್ಕ ನನ್ನನ್ನು ಎಮ್ಮೆದೊಡ್ಡಿಯ ಕಾವಲಿಗೆ, ದನಗಳಿಗೆಂದೇ ಬಿಟ್ಟ ಹುಲ್ಲುಗಾವಲಿಗೆ ಕರೆದೊಯ್ದಿದ್ದರು. ಅಮೃತಮಹಲ್ ತಳಿಯ ದನಗಳು ದೂರದಲ್ಲಿ ಮೇಯುತ್ತಿದ್ದವು. ನಾವು ಗಾಡಿ ನಿಲ್ಲಿಸಿದ್ದೇ ತಡ, ಒಂದೊಂದಾಗಿ ತಲೆ ಎತ್ತಿ, ಎತ್ತಿದ ಕೊಂಬು ಅಲ್ಲಾಡಿಸದೆ ನಮ್ಮನ್ನೇ ನೋಡಿದವು. “ಇವು ಹತ್ರ ಬಿಟ್ಕಳಲ್ಲ ಕಣೇ. ಮೈ ಮುಟ್ಟುಸ್ಕಳಲ್ಲ” ಎಂದರು ಗಿರಿಜಕ್ಕ, ತಮ್ಮದೇ ಮನೆಮಂದಿಯ ಬಗ್ಗೆ ಹೇಳುವಷ್ಟು ಹೆಮ್ಮೆಯಿಂದ. ನಾನು ಹ್ಞೂಂ ಎಂದು, ಹಿಂದಿನ ವಾರದ ಬೋರ್ಡಿನಲ್ಲಿ ವಿದ್ಯುತ್ತಿನ ಸಾಕೆಟ್ಟನ್ನು ಬಿಸಿ ಹೀರುವ ಹೀಟ್‌ಸಿಂಕಿನ ಹಿಂದೆ ಅಡಗಿಸಿಟ್ಟಿದ್ದ ಪಾಪಿಯನ್ನು ಬೈಯುವುದನ್ನು ಮುಂದುವರಿಸಿದೆ. ದಾರಿಯುದ್ದಕ್ಕೂ ಬೈದೆ. ನನಗೆ ಮಾತಾಡುವವರು ಸಿಕ್ಕರೆ ಹಾಗೆ, ಕೊಡ ಬಗ್ಗಿಸಿದ ಹಾಗೆ.

ಹೋದ ವರ್ಷ ಗಿರಿಜಕ್ಕನಿಗೆ ಲಕ್ವ ಹೊಡೆಯಿತು. ಬಲಭಾಗ. ಅವರ ತಮ್ಮನ ಹೆಂಡತಿ ಫೋನು ಮಾಡಿ ಹೇಳಿದರು. ಆಸ್ಪತ್ರೆಗೆ ಹೋಗಿ ಮಂಚದ ಕಾಲ ಬಳಿ ನಿಂತೆ. ಏನು ಹೇಳಬೇಕೆಂದು ತಿಳಿಯದೆ ಹೊಸದಾಗಿ ಬರಲಿರುವ ಚಿಪ್‌ಸೆಟ್ಟಿನ ಬಗ್ಗೆ ಹೇಳತೊಡಗಿದೆ. ಅವರು ನಿದ್ದೆ ಹೋದರು. ಪಕ್ಕದ ಮಂಚದ ಅಜ್ಜಿ ಮಾತ್ರ ಗಮನವಿಟ್ಟು ಕೇಳಿದರು. ಮುಂದೆ ಮಾತು ಮರಳಿತು, ಕುಂಟುತ್ತ ನಡೆಯುವುದೂ ಬಂತು. ಬಲಗೈ ಬರಲಿಲ್ಲ. ಬೆರಳು ಅಲ್ಲಾಡುತ್ತದೆ, ಆದರೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಕ್ಯಾನುಗಳನ್ನೂ ಸ್ಕೂಟರನ್ನೂ ಮಾರಿ, ಅಜ್ಜಂಪುರದಲ್ಲೇ ತಮ್ಮನ ಮನೆಯ ಮುಂದಿನ ಕೋಣೆಗೆ ಬಂದರು.

ನಾನು ಫೋನು ಮಾಡುತ್ತಿದ್ದೆ. ಊಟ ಆಯ್ತಾ ಅಕ್ಕಾ? ಆಯ್ತು, ನಿಂದು? ಆಯ್ತು. ಮತ್ತೆ? ಮತ್ತೇನಿಲ್ಲ. ಇಡ್ಲಾ? ಇಡು. ಇಷ್ಟರಲ್ಲಿ ಮುಗಿಯುತ್ತಿತ್ತು. ಹೊಗೆಯೂ ಇಲ್ಲ, ಬೋರ್ಡೂ ಮುಂದಿಲ್ಲ, ಇನ್ನೇನು ಮಾತಾಡುವುದು? ಒಂದು ದಿನ ಬಿಟ್ಟು ಮಾಡುತ್ತಿದ್ದದ್ದು ವಾರಕ್ಕೊಮ್ಮೆಯಾಯಿತು. ಆಮೇಲೆ ಮಾಡಬೇಕು ಮಾಡಬೇಕು ಎಂದುಕೊಳ್ಳುವುದಷ್ಟೇ ಉಳಿಯಿತು. ಭಾನುವಾರ ಅಂಗಡಿಯ ಶಟರು ಎತ್ತುವುದನ್ನೇ ಬಿಟ್ಟೆ. ಬೋರ್ಡುಗಳು ಬರುತ್ತಲೇ ಇದ್ದವು. ಓವರ್‌ಕ್ಲಾಕಿಂಗ್ ಬೋರ್ಡಿನ ಮೂಲೆಯಲ್ಲಿ ಎರಡಂಕಿ ತೋರಿಸುವ ಒಂದು ಸಣ್ಣ ದೀಪದ ಪಟ್ಟಿ ಇರುತ್ತದೆ. ಏನು ನಡೆಯುತ್ತಿದೆ, ಎಲ್ಲಿ ನಿಂತಿತು ಎಂದು ಅದು ಹೇಳುತ್ತದೆ. ಕೆಲವು ದಿನ ನನ್ನ ಜತೆ ಅಂತ ಏನಾದರೂ ಹೇಳಿದ್ದು ಅದೊಂದೇ.

ಮೆಡಿಕಲ್ ಸ್ಟೋರಿನಾತ ಕೇಳಿದ ಆ ವಾರವೇ ಬಂದ ಬೋರ್ಡು ಎಲ್ಲಕ್ಕಿಂತ ದುಬಾರಿಯದು. ಬಿಚ್ಚಿ, ಕಣ್ಣು ಮುಚ್ಚಿ ಕೈಯಾಡಿಸಿದೆ. ಮೆಮೊರಿಯ ಎರಡು ಸ್ಲಾಟು, ಹತ್ತಿರಕ್ಕೆ. ವಿದ್ಯುತ್ತಿನ ಸಾಕೆಟ್ಟುಗಳು ಮೇಲಂಚಿನಲ್ಲಿ, ಬೆರಳು ಹೋಗುವಷ್ಟು ಜಾಗ ಬಿಟ್ಟು. ವೋಲ್ಟೇಜ್ ಅಳೆಯುವ ಚುಕ್ಕೆಗಳು ಬಲಗಡೆ ಸಾಲಾಗಿ. ನೀರು ಕೂತರೆ ಎಚ್ಚರಿಸುವ ಏರ್ಪಾಡೂ ಇತ್ತು. ಹೀಟ್‌ಸಿಂಕಿನ ಮೇಲೆ ಬಣ್ಣದ ದೀಪ ಬೆಳಗುವ ಪ್ಲಾಸ್ಟಿಕ್ಕಿನ ಮುಚ್ಚಳ ಮಾತ್ರ ದಂಡ, ಅದರಡಿಯಲ್ಲಿ ತೇವ ನಿಲ್ಲುತ್ತದೆ. ಆಮೇಲೆ ಬಟನ್ನುಗಳಿಗೆ ಬಂದೆ. ಶುರುಮಾಡುವುದೂ ರೀಸೆಟ್ಟೂ ಒಂದೇ ಆಕಾರ, ಒಂದೇ ಎತ್ತರ, ಮೈಗೆ ಮೈ ತಾಗಿಕೊಂಡು. ಇಷ್ಟು ದುಬಾರಿ ಬೋರ್ಡು ಮಾಡಿ ಇದೊಂದನ್ನು ಯೋಚಿಸಲಿಲ್ಲವಲ್ಲ! “ನೋಡಿದ್ರಾ ಅಕ್ಕಾ ಇವ್ರ ಬುದ್ಧೀನ” ಎಂದು ಜೋರಾಗಿಯೇ ಅಂದೆ. ಅಂದ ಮೇಲೆ ನನ್ನ ಧ್ವನಿ ನನಗೇ ಕೇಳಿಸಿ, ಅಳು ಬಂತು. ಮುಚ್ಚುಮರೆ ಏಕೆ, ಬಂತು.

ಗಿರಿಜಕ್ಕನಿಗೆ ನಾನು ಯಾರು? ನೆಂಟಳಲ್ಲ, ಅವರ ಊರಿನವಳಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಕ್ಯಾನು, ಒಂದು ಬೋರ್ಡು. ಕ್ಯಾನು ಮಾರಿಯಾಯಿತು. ಬೋರ್ಡೂ ಅವರಿಗೆ ಇನ್ನು ಬೇಡವಾದರೆ ನಾನೂ ಬೇಡವಾದ ಹಾಗೆಯೇ. ಇಷ್ಟು ದಿನ ಅಜ್ಜಂಪುರಕ್ಕೆ ಹೋಗದೆ ತಪ್ಪಿಸಿಕೊಂಡದ್ದು ಆ ಹೆದರಿಕೆಗೇ. ವಾಪಸು ಕಳಿಸುವ ಮೊದಲು ಒಂದು ಸಲ ಈ ಬೋರ್ಡನ್ನು ಅವರ ಮುಂದಿಟ್ಟು ನೋಡಿಬಿಡೋಣ ಎಂದು ಭಾನುವಾರ ಹೊರಟೆ. ತರೀಕೆರೆಯಲ್ಲಿ ಒಬ್ಬರಿಗೆ ರಿಪೇರಿಯಾದ ಪ್ರಿಂಟರ್ ಕೊಡುವುದಿತ್ತು. ಅದನ್ನು ಕೊಟ್ಟು ಅಲ್ಲಿಂದ ಅಜ್ಜಂಪುರದ ಬಸ್ಸು ಹಿಡಿದೆ. ತೊಡೆಯ ಮೇಲಿದ್ದ ಮಿರಿಮಿರಿ ಪೆಟ್ಟಿಗೆಯನ್ನು ನೋಡಿ ಪಕ್ಕದ ಹೆಂಗಸು, “ಮದ್ವೆ ಸೀರೆಯಾ?” ಎಂದರು. ವಿವರಿಸುವ ಚೈತನ್ಯವಿರಲಿಲ್ಲ, ಹೌದೆಂದೆ. “ಯಾರ್ ಮದ್ವೆ?” ಎಂದರು. ಕಿಟಕಿಯ ಕಡೆ ತಿರುಗಿದೆ.

ಗಿರಿಜಕ್ಕನ ತಮ್ಮ ಈರುಳ್ಳಿ ವ್ಯಾಪಾರದವರು. ಅಂಗಳದ ತುಂಬ ಚೀಲ, ಮನೆಯೆಲ್ಲ ಅದೇ ಘಾಟು. ಮುಂದಿನ ಕೋಣೆಯ ಮಂಚದ ಮೇಲೆ ಅಕ್ಕ ಗೋಡೆಗೊರಗಿ ಕೂತಿದ್ದರು. ಶರ್ಟಿರಲಿಲ್ಲ. ಬರೀ ಸೀರೆಯಲ್ಲಿ ಅವರನ್ನು ನಾನು ನೋಡಿದ್ದೇ ಇಲ್ಲ, ಬೇರೆ ಯಾರೋ ಅನ್ನಿಸಿತು.

“ಬಂದ್ಯಾ? ಏನೇ ಅದು ಡಬ್ಬ?”

“ಹೊಸ ಬೋರ್ಡು ಅಕ್ಕಾ. ಹೆಂಗಿದೆ ನೋಡಿ ಹೇಳಿ.”

ಅವರ ತೊಡೆಯ ಮೇಲಿಟ್ಟೆ. ನಾನು ಮಾಡುವಂತೆಯೇ ಕಣ್ಣು ಮುಚ್ಚಿ, ಎಡಗೈ ಆಡಿಸಿದರು. ಹೀಟ್‌ಸಿಂಕಿನ ಮೇಲೆ ಕೈ ನಿಲ್ಲಿಸಿ, “ಇದು ಬಟನ್ನಾ?” ಎಂದರು. ಅಲ್ಲ ಎಂದೆ. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ಬೋರ್ಡಿನ ಮೇಲೆ ಇಟ್ಟುಕೊಂಡರು. ಅದು ಅಲ್ಲೇ ಬಿದ್ದಿತ್ತು. ನನಗೆ ನೋಡಲಾಗಲಿಲ್ಲ. ಸುಮ್ಮನಿರಲೂ ಆಗದೆ ಸ್ಲಾಟು, ಸಾಕೆಟ್ಟು, ಸ್ವಿಚ್ಚು, ವೋಲ್ಟೇಜು ಎಂದು ಒಂದೇ ಉಸಿರಿಗೆ ಹೇಳತೊಡಗಿದೆ. ಬಟನ್ನು ಎರಡೂ ಅಂಟಿಕೊಂಡಿವೆ ಅಕ್ಕಾ, ಹೊಗೆಯಲ್ಲಿ ಕೈಗೆ ಹೇಗೆ ಸಿಗಬೇಕು, ನೀವೇ ಹೇಳಿ ಎಂದೆ.

“ವಿಮ್ಲಾ” ಎಂದರು. “ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ನಂಗೆ ನಿನ್ ಬೋರ್ಡು ಯಾವತ್ತೂ ಒಂಚೂರೂ ಅರ್ಥ ಆಗ್ಲಿಲ್ಲ ಕಣೇ.”

ಬಟನ್ನು ತೋರಿಸುತ್ತಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡೆ.

“ಬೇರೆ ದಿನ ಹೆಂಗೋ ಹಸಾ ಕರ ಅಂತ ಕಳ್ದೋಗದು. ಭಾನ್ವಾರ ಎಲ್ರ ಮನೇಲೂ ಎಲ್ರೂ ಇರ್ತಾರೆ. ನಾನ್ ಎಲ್ಲೋದ್ರೂ ಅದು ಅವ್ರ ಊಟದ್ ಹೊತ್ತು. ನಿನ್ ಅಂಗ್ಡೀಲಿ ಹಂಗಿರ್ಲಿಲ್ಲ. ನೀನು ವಟವಟ ಅಂತಿದ್ದೆ. ಕೇಳ್ಕಂಡ್ ಕೂತಿದ್ದೆ.”

ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ಭಾನುವಾರ, ಅಷ್ಟು ಅಂಕಿ, ಪ್ರತಿ ಸಲವೂ ಚಪ್ಪಾಳೆ ತಟ್ಟಿದ್ದರಲ್ಲ!

“ಮತ್ತೆ ಹೊಗೇಲೂ ಕೈಗ್ ಸಿಗ್ಬೇಕು ಅಂದಿದ್ರಲ್ಲ? ನಾನು ಎಲ್ಲ ವರದೀಲೂ ಅದನ್ನೇ ಬರೆದಿದ್ದೀನಿ.”

“ಏನಾರ ಒಂದ್ ಅನ್ಬೇಕಲ್ಲೇ. ನೀನ್ ಅಷ್ಟೊತ್ತಿಂದ ತಡಕಾಡ್ತಿದ್ದೆ.”

ನಾನು ನಕ್ಕೆನೋ ಏನೋ, ನೆನಪಿಲ್ಲ. ಬೋರ್ಡನ್ನು ಅವರ ತೊಡೆಯಿಂದ ಎತ್ತಿ, ಪೆಟ್ಟಿಗೆಗೆ ಸೇರಿಸಿದೆ. ಅಕ್ಕನ ತಮ್ಮನ ಹೆಂಡತಿ ಕಾಫಿ ತಂದಿಟ್ಟು ಹೋದರು. ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಾಗಿಲವರೆಗೆ ಬಂದಾಗ ಹಿಂದಿನಿಂದ ಕೂಗಿದರು.

“ಮುಂದಿನ್ ಭಾನ್ವಾರ ಆ ಡಬ್ಬ ತರಬ್ಯಾಡ. ಬರೀ ನೀನ್ ಬಾ.”

“ಬಂದು ಏನ್ ಮಾತಾಡೋದು ಅಕ್ಕಾ?”

“ಮಾತ್ಯಾಕೆ? ಬಂದು ಕೂತ್ಕ.”

ವರದಿ ಬರೆದೆ. ಬಟನ್ನುಗಳ ದೋಷವನ್ನು ಬಿಡದೆ ಬರೆದೆ, ಯಾರು ಯಾಕೆ ಹೇಳಿದ್ದರೂ ಆ ಮಾತು ಸರಿಯಾದದ್ದೇ. ಬೋರ್ಡು ಬೆಂಗಳೂರಿಗೆ ಹೋಯಿತು. ಭಾನುವಾರ ಬಂತು. ಬರಿಗೈಯಲ್ಲಿ ಅಜ್ಜಂಪುರಕ್ಕೆ ಹೋದೆ. ಬಸ್ಸಿನಲ್ಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅಕ್ಕ ಮಂಚದ ಮೇಲೆ ಸರಿದು ಜಾಗ ಬಿಟ್ಟರು. ಕೂತೆ. ಬೀದಿಯಲ್ಲಿ ಈರುಳ್ಳಿ ಗಾಡಿಯೊಂದು ಹಿಂದೆ ಮುಂದೆ ಮಾಡುತ್ತಿತ್ತು. ಅಕ್ಕ ಕಣ್ಣು ಮುಚ್ಚಿದರು. ಒಬ್ಬಳೇ ಸುಮ್ಮನಿರುವುದು ನನಗೆ ಚೆನ್ನಾಗಿ ಗೊತ್ತು, ವರ್ಷಗಟ್ಟಲೆ ಮಾಡಿದ್ದೇನೆ. ಇನ್ನೊಬ್ಬರ ಪಕ್ಕದಲ್ಲಿ ಸುಮ್ಮನಿರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಅಕ್ಕನಿಗೆ ಅದು ಹೇಗೆ ತಿಳಿಯಿತೋ, ಮುಚ್ಚಿದ ಕಣ್ಣಲ್ಲೇ “ಊಂ?” ಎಂದರು.

“ಏನಿಲ್ಲ ಅಕ್ಕಾ” ಎಂದೆ.

“ಏನಿಲ್ದಿದ್ರೆ ಇನ್ ಸ್ವಲ್ಪ ಹೊತ್ತಿರು” ಎಂದರು.

ಇದ್ದೆ.